ಅಜ್ಜಿ ಕೇಳಿದ ನಾಲ್ಕು ಸಿನಿಮಾ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಟಿವಿಯಲ್ಲಿ ಸಿನಿಮಾ ಹಾಕುತ್ತಾರಲ್ಲ, ಅದನ್ನು ನೋಡುವವರು ಯಾರು? ಹಾಸ್ಟೆಲ್‌ನಲ್ಲಿದ್ದಾಗಿಂದಲೂ ನನಗೆ ಈ ಪ್ರಶ್ನೆ ಇತ್ತು. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ. ಮಕ್ಕಳು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿರುತ್ತವೆ. ಹೊಲ ಇದ್ದವರು ಹೊಲದಲ್ಲಿರುತ್ತಾರೆ. ಉಳಿಯುವವರು ಮೂರು ಬಗೆಯವರು: ವಯಸ್ಸಾದವರು, ಹುಷಾರಿಲ್ಲದವರು, ಕೆಲಸ ಸಿಗದವರು. ಹೋದ ತಿಂಗಳು ತಿಪಟೂರು ಹತ್ತಿರದ ನಮ್ಮ ಮನೆಯ ಹಜಾರದಲ್ಲಿ ಈ ಮೂರೂ ಬಗೆಯವರು ಇದ್ದೆವು. ತಲೆ ಎಣಿಸಿದರೆ ಮಾತ್ರ ಇಬ್ಬರೇ. ಮೊದಲ ಎರಡೂ ನಮ್ಮಜ್ಜಿ, ಮೂರನೆಯದು ನಾನು.

ಅಜ್ಜಿಗೆ ಬಲಗಣ್ಣಿನ ಪೊರೆ ತೆಗೆದು ಮೂರು ದಿನವಾಗಿತ್ತು. ಎಡಗಣ್ಣಿನಲ್ಲಿ ಪೊರೆ ಇನ್ನೂ ಬಲಿತೇ ಇದೆ, ಅದರಲ್ಲಿ ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಬಲಗಣ್ಣಿಗೆ ಕಪ್ಪು ಕನ್ನಡಕ ಹಾಕಿ, ಒಲೆಯ ಹೊಗೆ ಬೇಡ, ಬಗ್ಗಿ ಭಾರ ಎತ್ತಬೇಡಿ, ತಲೆಗೆ ನೀರು ಬೇಡ, ಒಂದು ವಾರ ಟಿವಿಯನ್ನು ದಿಟ್ಟಿಸಿ ನೋಡಬೇಡಿ ಎಂದು ಹೇಳಿ ಕಳಿಸಿದ್ದರು. ಎರಡು ಗಂಟೆಗೊಮ್ಮೆ ಎರಡು ಥರದ ಡ್ರಾಪ್ಸ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು.

ಡ್ರಾಪ್ಸ್ ಹಾಕುವವರು ಯಾರು? ಅಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ, ರಜೆ ಹಾಕಿದರೆ ನೂರು ಮಕ್ಕಳ ಅನ್ನದ ಪ್ರಶ್ನೆ. ಅಪ್ಪನಿಗೆ ತೋಟ, ಕೊಬ್ಬರಿ. ಅಣ್ಣ ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟು. ನಾನು ಬೆಂಗಳೂರಿನ ವಿಜಯನಗರದ ಒಂದು ಪಿಜಿಯಲ್ಲಿದ್ದುಕೊಂಡು ಬೆಳಿಗ್ಗೆ ಆರಕ್ಕೇ ಲೈಬ್ರರಿಯಲ್ಲಿ ಸೀಟು ಹಿಡಿದು ಓದುವವಳು. ಮುಂದಿನ ತಿಂಗಳು ಪರೀಕ್ಷೆ. ಆದರೂ ಫೋನ್ ಬಂದದ್ದು ನನಗೇ. ‘ಹೆಂಗಿದ್ರೂ ನೀನು ಖಾಲಿ ಇದ್ದೀಯಲ್ಲ, ಒಂದು ವಾರ ಬಂದು ಹೋಗು’ ಎಂದರು. ಪರೀಕ್ಷೆಗೆ ಓದುತ್ತಿರುವ ಗೆಳೆಯ ಗೆಳತಿಯರೇ, ಈ ‘ಖಾಲಿ’ ಎಂಬ ಪದ ನಿಮಗೂ ಪರಿಚಯ ಇರುತ್ತದೆ. ಹದಿನಾಲ್ಕು ಗಂಟೆ ಓದಿದರೂ ಸಂಬಳ ಬರುವವರೆಗೆ ನಾವು ಖಾಲಿಯೇ.

ಬೇಸರವಿಲ್ಲದೆ ಬಂದೆ. ಬ್ಯಾಗಿನಲ್ಲಿ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇದ್ದವು. ಅಜ್ಜಿ ಮಲಗಿರುತ್ತಾಳೆ, ನಾನು ಓದುತ್ತಿರುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಅಜ್ಜಿ ಮಲಗುವವಳಲ್ಲ. ಮಂಚದ ಮೇಲೆ ಗೋಡೆಗೆ ಒರಗಿ ಕೂತು, ಕಪ್ಪು ಕನ್ನಡಕ ಸರಿಮಾಡಿಕೊಂಡು, ‘ಟಿವಿ ಹಾಕವ್ವ’ ಎಂದಳು.

‘ಡಾಕ್ಟ್ರು ಟಿವಿ ನೋಡ್ಬೇಡಿ ಅಂದವ್ರೆ ಅಜ್ಜಿ.’

‘ನಾನೆಲ್ಲಿ ನೋಡ್ತೀನಿ? ನೀನು ನೋಡು. ನಂಗೆ ಹೇಳು.’

ಹೀಗೆ ಶುರುವಾಯಿತು. ಒಂದು ಕನ್ನಡ ಸಿನಿಮಾ ಚಾನೆಲ್‌ನಲ್ಲಿ ‘ಬಂಗಾರದ ಮನುಷ್ಯ’ ಬರುತ್ತಿತ್ತು. ಟೈಟಲ್ ಕಾರ್ಡುಗಳು ಓಡುತ್ತಿದ್ದವು. ನಾನು ಕ್ರಿಕೆಟ್ ಕಾಮೆಂಟರಿಯವರ ಹಾಗೆ ಹೇಳತೊಡಗಿದೆ. ಈಗ ರಾಜ್‌ಕುಮಾರ್ ಬಂದ್ರು, ಈಗ ಕೂತ್ರು, ಈಗ ಎದ್ರು, ಈಗ ಬಾಲಕೃಷ್ಣ ಮಾತಾಡ್ತಾ ಇದ್ದಾರೆ. ಹತ್ತು ನಿಮಿಷ ಸಹಿಸಿಕೊಂಡ ಅಜ್ಜಿ ಕೈ ಎತ್ತಿ ನಿಲ್ಲಿಸಿದಳು.

‘ಮಾತಾಡೋದು ನಂಗೆ ಕೇಳಿಸ್ತದೆ ಕಣವ್ವ. ಕಣ್ಣಿಗಾಗಿರೋದು, ಕಿವಿಗಲ್ಲ. ಅವ್ರು ಸುಮ್ಕಿರ್ತಾರಲ್ಲ, ಆವಾಗ ಏನು ಮಾಡ್ತಾರೆ, ಅಷ್ಟು ಹೇಳು ಸಾಕು.’

ಈ ಕೆಲಸಕ್ಕೆ ಆಡಿಯೊ ಡಿಸ್ಕ್ರಿಪ್ಷನ್ ಎಂಬ ಹೆಸರೇ ಇದೆ. ಕಣ್ಣು ಕಾಣದವರಿಗಾಗಿ, ಸಂಭಾಷಣೆ ಇಲ್ಲದ ಕಡೆ ಪರದೆಯ ಮೇಲೆ ಏನಾಗುತ್ತಿದೆ ಎಂದು ಒಂದು ದನಿ ಹೇಳುತ್ತಾ ಹೋಗುತ್ತದೆ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳಿಗಾಗಿ ಈ ಬಗ್ಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಪರೀಕ್ಷೆಯಲ್ಲಿ ಬರಬಹುದೆಂದು ನಾನು ಅದನ್ನು ನೋಟ್ಸ್ ಮಾಡಿಕೊಂಡಿದ್ದೆ. ಆ ಮಾರ್ಗಸೂಚಿಯ ತಿರುಳನ್ನು ನಮ್ಮಜ್ಜಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು.

ಕೇಳಲು ಸುಲಭ, ಮಾಡಲು ಕಷ್ಟ. ನಾಯಕ ಸುಮ್ಮನೆ ನಿಂತಿದ್ದಾನೆ, ಮುಖದಲ್ಲಿ ಏನೋ ಆಗುತ್ತಿದೆ, ಎರಡು ಸೆಕೆಂಡಿನಲ್ಲಿ ಮತ್ತೆ ಮಾತು ಶುರುವಾಗುತ್ತದೆ. ಆ ಎರಡು ಸೆಕೆಂಡಿನಲ್ಲಿ ಏನು ಹೇಳುವುದು? ‘ಬೇಜಾರಲ್ಲಿದ್ದಾನೆ’ ಎಂದರೆ ಅಜ್ಜಿ, ‘ಅಳ್ತಾ ಇದ್ದಾನಾ, ಅಳು ನುಂಗ್ಕೊಂಡಿದ್ದಾನಾ?’ ಎಂದು ಕೇಳುತ್ತಾಳೆ. ಮತ್ತೆ ನೋಡಬೇಕು, ಸರಿಯಾಗಿ ನೋಡಬೇಕು. ಈ ಸಿನಿಮಾವನ್ನು ನಾನು ಚಿಕ್ಕಂದಿನಿಂದ ಐದಾರು ಸಲ ‘ನೋಡಿದ್ದೆ’. ರಾಜ್‌ಕುಮಾರ್ ಮುಖವನ್ನು ಇಷ್ಟು ಹತ್ತಿರದಿಂದ ಗಮನಿಸಿದ್ದು ಇದೇ ಮೊದಲು. ಮಾತಿಗೆ ಮುಂಚೆಯೇ ಅವರ ಕಣ್ಣು ಮಾತಾಡಿ ಮುಗಿಸಿರುತ್ತದೆ.

ಹಾಡು ಬಂದಾಗ ಅಜ್ಜಿ ಇನ್ನೊಂದು ತಕರಾರು ತೆಗೆದಳು. ಟೆಂಟಿನಲ್ಲಿ ಕೇಳಿದ ಹಾಡು ಇನ್ನೂ ನಿಧಾನವಾಗಿತ್ತಂತೆ, ಟಿವಿಯಲ್ಲಿ ಓಡಿಸುತ್ತಾರಂತೆ. ವಯಸ್ಸಾದವರಿಗೆ ಹಳೆಯದೆಲ್ಲ ನಿಧಾನ ಎಂದು ನಕ್ಕು ಬಿಡಬಹುದಿತ್ತು. ಆದರೆ ಅಜ್ಜಿಯ ಮಾತಿನಲ್ಲಿ ಲೆಕ್ಕವಿದೆ. ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ನಮ್ಮ ದೇಶದ ಟಿವಿ ಪ್ರಸಾರದ ಪದ್ಧತಿ ಸೆಕೆಂಡಿಗೆ 25. ಹಾಗೆಯೇ ಏರಿಸಿಬಿಟ್ಟರೆ ಸಿನಿಮಾ ಶೇ 4ರಷ್ಟು ಬೇಗ ಓಡುತ್ತದೆ, ದನಿಯೂ ಕೂದಲೆಳೆಯಷ್ಟು ಏರುತ್ತದೆ. ಎರಡೂವರೆ ಗಂಟೆಯ ಸಿನಿಮಾ ಆರು ನಿಮಿಷ ಮುಂಚೆ ಮುಗಿಯುತ್ತದೆ. ಐವತ್ತು ವರ್ಷದ ಹಿಂದೆ ಕೇಳಿದ ಹಾಡಿನ ಓಟ ಆ ಕಿವಿಯಲ್ಲಿ ಇನ್ನೂ ಇತ್ತು.

ಹನ್ನೊಂದೂವರೆಗೆ ಕರೆಂಟ್ ಹೋಯಿತು. ಭಾರತಿಯ ಪಾತ್ರ ಸಾಯುವುದಕ್ಕೆ ಸ್ವಲ್ಪ ಮುಂಚೆ.

‘ಹೋಗ್ಲಿ ಬಿಡು, ಆ ಭಾಗ ನಂಗೆ ಬ್ಯಾಡ’ ಎಂದಳು ಅಜ್ಜಿ. ಆಮೇಲೆ ಉಳಿದ ಕಥೆಯನ್ನು ಅವಳೇ ಹೇಳಿದಳು. ಪರದೆ ಕಪ್ಪಾಗಿತ್ತು, ಹೇಳುವವಳ ಕಣ್ಣಿಗೂ ಕಪ್ಪು ಕನ್ನಡಕ. ಆದರೂ ಸಿನಿಮಾ ನಿಲ್ಲಲಿಲ್ಲ. ರಾಜೀವ ಹೇಗೆ ಬಂಜರು ನೆಲ ಹಸನು ಮಾಡಿದ, ಅಕ್ಕನ ಮಕ್ಕಳನ್ನು ಹೇಗೆ ಓದಿಸಿದ, ಓದಿದ ಹುಡುಗನೇ ಕೊನೆಗೆ ಹೇಗೆ ಮಾತಾಡಿದ, ಇವನು ಒಂದು ಮಾತೂ ಎದುರಾಡದೆ ಹೇಗೆ ಮನೆ ಬಿಟ್ಟು ನಡೆದ ಎಂಬುದೆಲ್ಲ ಬಂತು. ಯಾರು ಎಲ್ಲಿ ಸುಮ್ಮನಾದರು ಎಂಬುದನ್ನೂ ಬಿಡದೆ ಹೇಳಿದಳು. ಆಗ ನನಗೆ ಅರ್ಥವಾಯಿತು, ಬೆಳಿಗ್ಗೆಯಿಂದ ಅವಳು ಕೇಳುತ್ತಿದ್ದದ್ದು ಏನನ್ನು ಎಂದು.

1972ರಲ್ಲಿ ಸಿದ್ದಲಿಂಗಯ್ಯ ಮಾಡಿದ ಸಿನಿಮಾ ಇದು, ಟಿ.ಕೆ. ರಾಮರಾಯರ ಕಾದಂಬರಿ. ಬೆಂಗಳೂರಿನಲ್ಲಿ ಎರಡು ವರ್ಷ ಓಡಿತು. ಇದನ್ನು ನೋಡಿ ಪೇಟೆ ಸೇರಿದ್ದ ಹುಡುಗರು ಹಳ್ಳಿಗೆ ವಾಪಸಾಗಿ ಬೇಸಾಯ ಹಿಡಿದರು ಎಂಬ ಮಾತನ್ನು ಸಿನಿಮಾ ಪುರವಣಿಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನನಗೆ ಅದರ ಮೇಲೆ ಯಾವಾಗಲೂ ಗುಮಾನಿ. ಅವತ್ತು ಕೇಳಿಯೇ ಬಿಟ್ಟೆ. ಯಾಕೆಂದರೆ ನಮ್ಮ ತೋಟದ ಹಳೆಯ ನಲವತ್ತು ತೆಂಗಿನ ಮರ ತಾತ ಆ ಸಿನಿಮಾ ನೋಡಿ ಬಂದ ಮೇಲೆ ನೆಟ್ಟವು ಎಂಬುದು ನಮ್ಮ ಮನೆಯ ಪುರಾಣ.

‘ಸಿನಿಮಾ ನೋಡಿ ಯಾರಾದ್ರೂ ಸಸಿ ನೆಡ್ತಾರೇನೆ?’ ಎಂದು ಅಜ್ಜಿ ನಕ್ಕಳು. ‘ಬಾವಿ ತೆಗ್ಸಿದ್ರು, ನೀರು ಬಂತು, ನೆಟ್ರು. ಸಿನಿಮಾದಿಂದ ಆಗಿದ್ದು ಇಷ್ಟೇ. ರಾಗಿ ಬೆಳೀತಿದ್ದ ಹೊಲಕ್ಕೆ ತೆಂಗು ಇಟ್ರೆ ಉಣ್ಣೋದೇನು ಅಂತ ಬೈಯೋಣ ಅಂದ್ರೆ ನಂಗೆ ಬಾಯೇ ಇರ್ಲಿಲ್ಲ. ಸಿನಿಮಾ ನೋಡ್ಕೊಂಡು ಗಾಡೀಲಿ ವಾಪಸ್ ಬರೋವಾಗ ಅವನನ್ನ ಹೊಗಳಿದ್ದು ನಾನೇ.’

ನಮ್ಮ ಕಡೆಯ ತೆಂಗು ‘ತಿಪಟೂರು ಟಾಲ್’. ಎತ್ತರದ ತಳಿ, ಕೊಬ್ಬರಿಗೆ ಹೆಸರುವಾಸಿ. ಆದರೆ ಫಲಕ್ಕೆ ಆರೇಳು ವರ್ಷ ಕಾಯಬೇಕು. ಆ ಆರೇಳು ವರ್ಷವೂ ಊರಿನವರು ತಾತನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ‘ಏನಪ್ಪ, ಇನ್ನೂ ಕಾಯಿ ಬಿಡ್ಲಿಲ್ವಾ?’ ತಾತ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದರಂತೆ. ನನಗೆ ತಟ್ಟನೆ ನಗು ಬಂತು. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಾಗ ನಾನೂ ಈಗ ಕೆರೆ ಏರಿಯ ಮೇಲೇ ಬರುತ್ತೇನೆ. ಆ ಮರಗಳ ಕೊಬ್ಬರಿ ದುಡ್ಡಿನಲ್ಲೇ ನನ್ನ ಪಿಜಿ ಬಾಡಿಗೆ ಹೋಗುವುದು.

ಮಧ್ಯಾಹ್ನ ಮುದ್ದೆ, ಬಸ್ಸಾರು. ಉಣ್ಣುವಷ್ಟರಲ್ಲಿ ಕರೆಂಟ್ ಬಂತು. ರಿಮೋಟ್ ಒತ್ತಿದರೆ ಹಿಂದಿ ಚಾನೆಲ್ಲಿನಲ್ಲಿ ‘ಸೂರ್ಯವಂಶಂ’. ಬರದೆ ಇನ್ನೇನು! ಭಾರತದಲ್ಲಿ ಸೂರ್ಯ ಮುಳುಗಿದರೂ ಈ ಸಿನಿಮಾ ಮುಳುಗುವುದಿಲ್ಲ. 1999ರಲ್ಲಿ ಈ ಸಿನಿಮಾ ಬಂತು, ಇದನ್ನು ಹಾಕಿ ಹಾಕಿ ಹೆಸರು ಮಾಡಿದ ಚಾನೆಲ್ ಶುರುವಾದದ್ದೂ ಅದೇ ವರ್ಷ.

ಅಜ್ಜಿಗೆ ಹಿಂದಿ ಬಾರದು. ಆದರೆ ಕಥೆ ಗೊತ್ತು, ವಿಷ್ಣುವರ್ಧನ್ ‘ಸೂರ್ಯವಂಶ’ ನೋಡಿದ್ದಾಳೆ. ಮೂಲ ತಮಿಳು, 1997ರದ್ದು, ಶರತ್‌ಕುಮಾರ್ ಅಭಿನಯದ್ದು. ಮರುವರ್ಷ ತೆಲುಗಿನಲ್ಲಿ ವೆಂಕಟೇಶ್. 1999ರಲ್ಲಿ ಕನ್ನಡದಲ್ಲಿ ಎಸ್. ನಾರಾಯಣ್ ನಿರ್ದೇಶನ, ಹಿಂದಿಯಲ್ಲಿ ಅಮಿತಾಭ್. ಎರಡೇ ವರ್ಷದಲ್ಲಿ ನಾಲ್ಕು ಭಾಷೆ, ಅದೇ ಅಪ್ಪ, ಅದೇ ಓದದ ಮಗ, ಅದೇ ಓದಿದ ಸೊಸೆ, ಅದೇ ಪಾಯಸದಲ್ಲಿ ವಿಷ. ಹಾಗಾಗಿ ನನಗೆ ಕೆಲಸ ಕಡಿಮೆ ಇತ್ತು. ಆದರೂ ಅಜ್ಜಿ ಒಂದು ಕಡೆ ತಡವರಿಸಿದಳು.

‘ಈಗ ಮಾತಾಡ್ತಾ ಇರೋದು ಅತ್ತೆನಾ, ಸೊಸೆನಾ?’

‘ಸೊಸೆ.’

‘ಆಗ್ಲೇ ಮಾತಾಡಿದ್ದು?’

‘ಅದು ಅತ್ತೆ.’

‘ಎರಡೂ ಒಂದೇ ದನಿ ಅಲ್ವೇನೆ?’

ಬೇರೆ ಬೇರೆ ಇರುತ್ತದೆ, ಹಿಂದಿ ಗೊತ್ತಿಲ್ಲದ್ದಕ್ಕೆ ಹಾಗನ್ನಿಸುತ್ತದೆ ಎಂದೆ. ಸುಮ್ಮನಿರಲಾರದೆ ಫೋನಿನಲ್ಲಿ ಹುಡುಕಿದೆ. ಸೊಸೆಯ ಪಾತ್ರ ಮಾಡಿದ್ದು ನಮ್ಮ ಮುಳಬಾಗಿಲಿನ ಕಡೆಯ ಸೌಂದರ್ಯ, ಅತ್ತೆ ಜಯಸುಧಾ. ಹಿಂದಿಯಲ್ಲಿ ಇಬ್ಬರಿಗೂ ಕಂಠದಾನ ಮಾಡಿದ್ದು ನಟಿ ರೇಖಾ! ಕಣ್ಣಿದ್ದವರು ಕಾಲು ಶತಮಾನದಿಂದ ವಾರಕ್ಕೊಮ್ಮೆ ಇದನ್ನು ನೋಡುತ್ತಿದ್ದೇವೆ. ನಮ್ಮ ಪಿಜಿಯಲ್ಲಿ ಇದರ ಡೈಲಾಗ್ ಬಾಯಿಪಾಠ ಹೇಳುವವರಿದ್ದಾರೆ. ಒಬ್ಬರಿಗೂ ಇದು ಗೊತ್ತಾಗಿರಲಿಲ್ಲ.

ನಾಯಕಿ ಕಲೆಕ್ಟರ್ ಆಗುವ ಭಾಗ ಬಂತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಭಾಗವನ್ನು ಹಲ್ಲು ಕಚ್ಚಿಕೊಂಡು ನೋಡಬೇಕು. ಗಂಡ ಬೆನ್ನಿಗೆ ನಿಲ್ಲುತ್ತಾನೆ, ಹೆಂಡತಿ ಪುಸ್ತಕ ಹಿಡಿಯುತ್ತಾಳೆ, ನೀವು ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಅವಳು ಐಎಎಸ್. ನಿಜದಲ್ಲಿ ಪ್ರಿಲಿಮ್ಸ್‌ಗೆ ಎರಡು ಪತ್ರಿಕೆ, ಮೇನ್ಸ್‌ಗೆ ಒಂಬತ್ತು, ಅದರಲ್ಲಿ ಅಂಕಕ್ಕೆ ಸೇರುವ ಏಳು ಪತ್ರಿಕೆಗೆ 1750, ಸಂದರ್ಶನಕ್ಕೆ 275. ಅರ್ಜಿ ಹಾಕಿದ ದಿನದಿಂದ ಫಲಿತಾಂಶದವರೆಗೆ ಒಂದು ವರ್ಷಕ್ಕೂ ಮೇಲೆ. ಸಾಮಾನ್ಯ ವರ್ಗದವರಿಗೆ 32ರ ವಯಸ್ಸಿನೊಳಗೆ ಆರೇ ಅವಕಾಶ. ನಾನಂತೂ ಐಎಎಸ್ ಮಾತೇ ಎತ್ತುತ್ತಿಲ್ಲ, ರಾಜ್ಯದ ಒಂದು ಸಣ್ಣ ಹುದ್ದೆಗೆ ಎರಡು ಸಲ ಬರೆದಿದ್ದೇನೆ. ಒಮ್ಮೆ ಮೂರು ಅಂಕದಲ್ಲಿ ಹೋಯಿತು. ಇನ್ನೊಮ್ಮೆ ಬರೆದಾದ ಮೇಲೆ ಕಾದೆ, ಕಾದೆ, ಕಾದೆ. ಹಾಡಿನ ಜೊತೆಗೆ ಇದನ್ನೆಲ್ಲ ತೋರಿಸಲು ಆಗುವುದಿಲ್ಲ ಎಂಬುದು ನನಗೂ ಗೊತ್ತು.

ಅಷ್ಟರಲ್ಲಿ ನಮ್ಮ ಬೀದಿಯ ಅತ್ತೆಯೊಬ್ಬರು ಅಜ್ಜಿಯನ್ನು ನೋಡಲು ಬಂದರು. ಕೈಯಲ್ಲಿ ಬ್ರೆಡ್ ಪ್ಯಾಕೆಟ್ಟು. (ಹುಷಾರಿಲ್ಲದವರಿಗೆ ಬ್ರೆಡ್ ಯಾಕೆ ತರುತ್ತಾರೋ, ನಮ್ಮಜ್ಜಿ ಜನ್ಮದಲ್ಲಿ ಬ್ರೆಡ್ ತಿಂದವಳಲ್ಲ.) ಟಿವಿ ನೋಡಿದರು, ನನ್ನನ್ನು ನೋಡಿದರು, ತೊಡೆಯ ಮೇಲಿದ್ದ ಪುಸ್ತಕ ನೋಡಿದರು.

‘ಇನ್ನೂ ಓದ್ತಾನೇ ಇದ್ದೀಯೇನವ್ವ? ನೋಡು, ಇಂಥ ಗಂಡ ಸಿಗ್ಬೇಕು. ಹೆಂಡ್ತೀನ ಓದ್ಸಿ ಕಲೆಕ್ಟ್ರು ಮಾಡ್ದ. ಎಲ್ರಿಗೂ ಸಿಗ್ತಾರಾ?’

ನಾನು ಎಂದಿನಂತೆ ಹಲ್ಲು ಕಿರಿದು ಸುಮ್ಮನಾದೆ. ಅಜ್ಜಿ ಸುಮ್ಮನಾಗಲಿಲ್ಲ.

‘ಓದ್ಸಿದ್ದು ಅವ್ನು, ಸರಿ. ಪರೀಕ್ಷೆ ಬರ್ದಿದ್ದು ಯಾರು?’

ಅತ್ತೆ ಟೀ ಕುಡಿದು ಹೊರಟರು. ನಾವು ವಿಷದ ಪಾಯಸದವರೆಗೆ ಕಾಯದೆ ಚಾನೆಲ್ ಬದಲಿಸಿದೆವು.

ಡ್ರಾಪ್ಸ್ ವಿಚಾರ ಹೇಳುವುದು ಮರೆತೆ. ಬೆಳಿಗ್ಗೆ ಒಂದು ಸಲ ಫೋನಿನಲ್ಲಿ ಅಲಾರಾಂ ಇಟ್ಟುಕೊಂಡಿದ್ದೆ. ಆಮೇಲೆ ಅದರ ಅಗತ್ಯವೇ ಬೀಳಲಿಲ್ಲ. ಜಾಹೀರಾತು ಬಂದ ತಕ್ಷಣ ಮೊದಲ ಸೀಸೆ, ಕಣ್ಣು ಮುಚ್ಚಿಸಿ ಕೂರಿಸುವುದು, ಜಾಹೀರಾತು ಮುಗಿಯುವ ಹೊತ್ತಿಗೆ ಎರಡನೇ ಸೀಸೆ. ನಡುವೆ ಐದು ನಿಮಿಷ ಬಿಟ್ಟೇ ಬಿಟ್ಟಿರುತ್ತಿತ್ತು. ನಿಯಮದ ಪ್ರಕಾರ ಚಾನೆಲ್‌ಗಳು ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಹಾಕುವಂತಿಲ್ಲ, ಅದರಲ್ಲಿ 10 ನಿಮಿಷ ವ್ಯಾಪಾರದ್ದು, 2 ನಿಮಿಷ ಅವರ ಸ್ವಂತ ಕಾರ್ಯಕ್ರಮಗಳದ್ದು. ಗಡಿಯಾರ ಹಿಡಿದು ಕೂತರೆ ಏನು ಕಾಣುತ್ತದೆ ಎಂಬುದನ್ನು ನೀವೇ ಒಮ್ಮೆ ಪರೀಕ್ಷಿಸಿ. ನಮ್ಮಜ್ಜಿಯ ಕಣ್ಣಿಗಂತೂ ಅದರಿಂದ ಉಪಕಾರವೇ ಆಯಿತು.

ನಾಲ್ಕು ಗಂಟೆಯ ಹೊತ್ತಿಗೆ ‘ಬೆಟ್ಟದ ಹೂವು’ ಸಿಕ್ಕಿತು. 1985ರ ಸಿನಿಮಾ. ಪುನೀತ್‌ಗೆ ಆಗ ಹತ್ತು ವರ್ಷ, ಇದಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರ ಪ್ರಶಸ್ತಿ ಬಂತು. ನಿರ್ದೇಶನ ಎನ್. ಲಕ್ಷ್ಮೀನಾರಾಯಣ್. ನಾನು ಇದನ್ನು ಪೂರ್ತಿ ನೋಡಿರಲಿಲ್ಲ, ಅಜ್ಜಿ ನೋಡಿಯೇ ಇರಲಿಲ್ಲ. ಇಬ್ಬರಿಗೂ ಹೊಸದು.

ಬಡವರ ಮನೆಯ ಹುಡುಗ ರಾಮು. ಓದುವ ಆಸೆ. ಅಂಗಡಿಯಲ್ಲಿ ನೋಡಿದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಪುಸ್ತಕವನ್ನು ಕೊಳ್ಳಬೇಕೆಂದು ಅವನಿಗೆ ಹಂಬಲ. ಕಾಡಿನ ಹೂಗಳನ್ನು ಹುಡುಕುವ ವಿದೇಶಿ ಮಹಿಳೆಯೊಬ್ಬರಿಗೆ ಆರ್ಕಿಡ್ ಹೂ ತಂದುಕೊಟ್ಟು ಚಿಲ್ಲರೆ ದುಡ್ಡು ಕೂಡಿಡುತ್ತಾನೆ. ಈ ಪುಸ್ತಕಕ್ಕೇ ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂದದ್ದು ಎಂದು ನಾನು ಅಜ್ಜಿಗೆ ಹೇಳಿದೆ. ಅದು ನಮ್ಮ ನೋಟ್ಸಿನಲ್ಲಿ ಒಂದು ಅಂಕದ ಪ್ರಶ್ನೆ. ಅಜ್ಜಿಗೆ ಅದೆಲ್ಲ ಬೇಕಿರಲಿಲ್ಲ. ಅವಳು ಕೇಳುತ್ತಿದ್ದದ್ದು ಒಂದೇ: ‘ಈಗೆಷ್ಟಾಯ್ತು?’

ಹುಡುಗ ಹೂ ಕೊಟ್ಟು ಬಂದಾಗಲೆಲ್ಲ ಆ ಪ್ರಶ್ನೆ. ಅಕ್ಷರ ಬಾರದ ಅಜ್ಜಿ ಬೆರಳು ಮಡಚಿ ಲೆಕ್ಕ ಇಟ್ಟುಕೊಳ್ಳುತ್ತಿದ್ದಳು. ಹುಡುಗನಿಗಿಂತ ಅವಳಿಗೇ ಅವಸರ. ಅವನು ಬಂಡೆ ಹತ್ತುವಾಗ ‘ಬಿದ್ದಾನು, ನೋಡ್ಕೊ’ ಎಂದು ನನಗೆ ಹೇಳಿದಳು, ನಾನೇನೋ ಹಿಡಿದುಕೊಳ್ಳುವವಳ ಹಾಗೆ. ಮಾತು ಕಡಿಮೆ ಇರುವ ಸಿನಿಮಾ, ಕಾಡು, ಮಂಜು, ನಡೆಯುವ ಹುಡುಗ. ಬೆಳಿಗ್ಗೆ ಕಲಿತ ವಿದ್ಯೆಯೆಲ್ಲ ಇಲ್ಲಿ ಬೇಕಾಯಿತು. ‘ಅಂಗಡಿ ಮುಂದೆ ನಿಂತವ್ನೆ. ಒಳಗೆ ಹೋಗಿಲ್ಲ. ಗಾಜಿನಾಚೆ ಪುಸ್ತಕ ಇದೆ. ನೋಡ್ತಾ ಅವ್ನೆ.’ ಇಷ್ಟು ಹೇಳಿ ನಿಲ್ಲಿಸಿದರೆ ಸಾಕು, ಉಳಿದದ್ದನ್ನು ಅಜ್ಜಿಯೇ ನೋಡಿಕೊಳ್ಳುತ್ತಿದ್ದಳು.

ಕೊನೆಗೆ ಹುಡುಗ ಪುಸ್ತಕ ಕೊಳ್ಳುವುದಿಲ್ಲ. ಚಳಿಯಲ್ಲಿ ನಡುಗುವ ಮನೆಯವರಿಗಾಗಿ ಆ ದುಡ್ಡಿನಲ್ಲಿ ಕಂಬಳಿ ತರುತ್ತಾನೆ. ಅದನ್ನು ಹೇಳುವಾಗ ನನ್ನ ದನಿ ಕೆಟ್ಟಿತು. ಅಜ್ಜಿಯನ್ನು ನೋಡಿದೆ, ಕಪ್ಪು ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು. ನನಗೆ ಗಾಬರಿ. ಕಣ್ಣು ಒರೆಸಬಾರದು, ಉಜ್ಜಬಾರದು, ಅಳಬಹುದೋ ಬಾರದೋ ಡಾಕ್ಟರು ಹೇಳಿರಲಿಲ್ಲ. ಆಸ್ಪತ್ರೆ ಕೊಟ್ಟಿದ್ದ ಹತ್ತಿಯಲ್ಲಿ ಕೆನ್ನೆ ಮಾತ್ರ ಒತ್ತಿದೆ.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕೇಳಿದಳು, ‘ಈ ಹುಡುಗನ ಕಣ್ಣನ್ನೇ ಅಲ್ವಾ ಸತ್ತಾಗ ತಗ್ದಿದ್ದು? ನಂಗೆ ಹಾಕಿರೋದು ಅಂಥದ್ದೇನಾ?’

2021ರ ಅಕ್ಟೋಬರ್ 29 ಯಾರಿಗೆ ಮರೆತಿದೆ! ಅವತ್ತು ಕಾಲೇಜಿನಿಂದ ಬಸ್ಸಿನಲ್ಲಿ ಬರುವಾಗ ಡ್ರೈವರ್ ಹಾಡು ನಿಲ್ಲಿಸಿದ್ದರು, ಇಡೀ ಬಸ್ಸು ಮಾತಾಡಿರಲಿಲ್ಲ. ಅಪ್ಪನಂತೆಯೇ ಮಗನೂ ಕಣ್ಣು ದಾನ ಮಾಡಿದ್ದರು. 2006ರಲ್ಲಿ ರಾಜ್‌ಕುಮಾರ್ ಕಣ್ಣುಗಳು ಇಬ್ಬರಿಗೆ ಬೆಳಕಾದವು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾವನ್ನು ಪದರ ಪದರವಾಗಿ ಬಿಡಿಸಿ ಒಂದೊಂದು ಕಣ್ಣನ್ನು ಇಬ್ಬಿಬ್ಬರಿಗೆ ಕಸಿ ಮಾಡಿದ್ದರು. ಅಜ್ಜಿಗೆ ಆಗಿರುವುದು ಬೇರೆ. ಕಣ್ಣಿನೊಳಗಿನ ಮಸೂರ ವಯಸ್ಸಿಗೆ ಮಬ್ಬಾಗಿರುತ್ತದೆ, ಅದನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಅದಕ್ಕೆ ಯಾರ ಕಣ್ಣೂ ಬೇಕಿಲ್ಲ. ಇದನ್ನು ವಿವರಿಸಿದೆ. ಅಜ್ಜಿಗೆ ಸ್ವಲ್ಪ ನಿರಾಸೆಯೇ ಆಯಿತೇನೋ. ‘ಪ್ಲಾಸ್ಟಿಕ್ಕಾ?’ ಎಂದಳು.

ಆಮೇಲೆ ಸೊಂಟದ ಸಂಚಿ ಬಿಚ್ಚಿದಳು. ಎಲೆ ಅಡಿಕೆಗೆ ಕೈ ಹಾಕುತ್ತಾಳೆ ಎಂದುಕೊಂಡೆ. ಮಡಚಿ ಮಡಚಿ ಬೆರಳಗಲ ಮಾಡಿದ್ದ ನೋಟುಗಳನ್ನು ತೆಗೆದು ನನ್ನ ಕೈಯಲ್ಲಿ ಇಟ್ಟಳು. ಅಜ್ಜಿಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಎಲೆ ಅಡಿಕೆ, ಮೊಮ್ಮಕ್ಕಳ ಜಾತ್ರೆ ಖರ್ಚು, ಮಂಡಿ ನೋವಿನ ಎಣ್ಣೆ.

‘ಪುಸ್ತಕ ತಗೊ’ ಎಂದಳು.

‘ಅಜ್ಜಿ, ಪುಸ್ತಕ ಐತೆ ನನ್ನ ಹತ್ರ.’

‘ಹಂಗಾರೆ ಕಂಬ್ಳಿ ತಗೊ. ನಿನ್ ರೂಮಲ್ಲಿ ಚಳಿ ಅಂತಿದ್ಯಲ್ಲ.’

ಬೇಡ ಎಂದರೆ ಬೈಗುಳ ಗ್ಯಾರಂಟಿ. ಇಟ್ಟುಕೊಂಡೆ.

ಏಳು ಗಂಟೆಗೆ ಮನೆ ತುಂಬಿತು. ಅಪ್ಪ ತೋಟದಿಂದ ಬಂದರು, ಅಮ್ಮ ಕೆಲಸ ಮುಗಿಸಿ ಸೊಪ್ಪು ಬಿಡಿಸುತ್ತಾ ಕೂತಳು, ಪಕ್ಕದ ಮನೆಯ ಇಬ್ಬರು ಮಕ್ಕಳು ನೆಲದ ಮೇಲೆ. ‘ಆಪ್ತಮಿತ್ರ’ ಶುರುವಾಗಿತ್ತು. ಈ ಸಿನಿಮಾವನ್ನು ಯಾರಿಗೂ ಪರಿಚಯಿಸಬೇಕಿಲ್ಲ. ಮಲಯಾಳಂನ ‘ಮಣಿಚಿತ್ರತ್ತಾಳ್’ ಕಥೆ, ಪಿ. ವಾಸು ನಿರ್ದೇಶನ. ಸೌಂದರ್ಯ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಮಧ್ಯಾಹ್ನ ಬೇರೆಯವರ ದನಿಯಲ್ಲಿ ಹಿಂದಿ ಮಾತಾಡಿದ ಅದೇ ಮುಖ ರಾತ್ರಿ ನಾಗವಲ್ಲಿಯಾಗಿ ಕಣ್ಣರಳಿಸಿತು. ಅಜ್ಜಿಗೆ ಈಗ ಹೇಳುವವರು ಐದು ಜನ. ಎಲ್ಲರೂ ಒಟ್ಟಿಗೆ ಹೇಳಿ ಅವಳಿಗೆ ಏನೂ ಕೇಳಿಸದಂತೆ ಮಾಡಿದರು. ಮಕ್ಕಳಂತೂ ನಾಗವಲ್ಲಿ ಬರುವುದಕ್ಕೆ ಐದು ನಿಮಿಷ ಮುಂಚೆಯೇ ‘ಈಗ ಬರ್ತಾಳೆ, ಈಗ ಬರ್ತಾಳೆ’ ಎಂದು ಕೂಗಿ ಅಮ್ಮನ ಹಿಂದೆ ಅಡಗಿಕೊಂಡರು.

ಜಾಹೀರಾತು ಬಂತು. ನಾನು ಸೀಸೆ ತೆಗೆದು ಅಜ್ಜಿಯ ಕಣ್ಣು ಬಿಡಿಸಿ ಹನಿ ಹಾಕುತ್ತಿದ್ದೆ. ಅಪ್ಪ ಟಿವಿಯನ್ನೇ ನೋಡುತ್ತಾ ಹೇಳಿದರು, ‘ಅವ್ರು ಫೋನ್ ಮಾಡಿದ್ರು. ಭಾನುವಾರ ಬರ್ತಾರಂತೆ, ಹುಡುಗೀನ ನೋಡೋಕೆ. ಹೆಂಗೂ ಇವ್ಳು ಇಲ್ಲೇ ಇರ್ತಾಳಲ್ಲ.’

ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಒಂದೇ ಕಡ್ಡಿಯನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದಳು. ವಿಷಯ ನನಗೆ ಹೊಸದಲ್ಲ, ಎರಡು ತಿಂಗಳಿಂದ ಇದೆ. ಹುಡುಗ ಒಳ್ಳೆಯವನೇ ಇರಬಹುದು, ನಾನು ನೋಡಿಲ್ಲ. ಅಪ್ಪನದು ಹಟವೂ ಅಲ್ಲ. ಕೊಬ್ಬರಿ ಬೆಲೆ ಏರಿದಾಗ ಒಂದು ಮಾತು, ಇಳಿದಾಗ ಒಂದು ಮಾತು ಆಡುವ ಮನೆಯಲ್ಲಿ, ಪಿಜಿ ಬಾಡಿಗೆ ಇನ್ನೆಷ್ಟು ವರ್ಷ ಎಂಬ ಲೆಕ್ಕ ಅವರಿಗೆ ಇರಲೇಬೇಕು. ನನಗೆ ಹೇಳಬೇಕಾದ್ದು ಬಹಳ ಇತ್ತು. ಹನಿ ತಪ್ಪಿ ಕೆನ್ನೆಗೆ ಬೀಳದಂತೆ ಕೈ ಹಿಡಿದುಕೊಳ್ಳುವುದರಲ್ಲೇ ಇದ್ದೆ.

‘ಪರೀಕ್ಷೆ ಯಾವತ್ತು?’ ಎಂದು ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

ತಾರೀಖು ಹೇಳಿದೆ.

‘ಅದಾದ್ಮೇಲೆ ಬರ್ಲಿ.’

‘ಅವ್ವ, ಅವ್ರು ಕಾಯ್ತಾರಾ?’ ಎಂದರು ಅಪ್ಪ.

‘ಕಾಯ್ದಿದ್ರೆ ಹೋಗ್ಲಿ. ನಿಮ್ಮಪ್ಪ ಸಸಿ ನೆಟ್ಟಾಗ ನೀನು ಇನ್ನೂ ಹುಟ್ಟಿರ್ಲಿಲ್ಲ. ಕಾಯಿ ಬಿಡೋ ಹೊತ್ಗೆ ಇಸ್ಕೂಲಿಗೆ ಹೋಗ್ತಿದ್ದೆ. ಯಾರೂ ಮರ ಕಡ್ಯೋಕೆ ಹೋಗ್ಲಿಲ್ಲ.’

ಅಪ್ಪ ಏನೂ ಹೇಳಲಿಲ್ಲ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಜಾಹೀರಾತು ಮುಗಿಯಿತು. ದ್ವಾರಕೀಶ್ ಬಂದರು, ಮಕ್ಕಳು ನಕ್ಕವು, ಸ್ವಲ್ಪ ಹೊತ್ತಿಗೆ ಅಪ್ಪನೂ ನಕ್ಕರು. ಸಿನಿಮಾ ಮುಗಿಯುವ ಮುಂಚೆ ಎದ್ದು ಹೊರಗೆ ಹೋಗಿ ಫೋನಿನಲ್ಲಿ ಯಾರ ಜೊತೆಗೋ ಮಾತಾಡಿದರು. ಏನು ಮಾತಾಡಿದರೋ ಕೇಳಿಸಲಿಲ್ಲ, ಆ ಹೊತ್ತಿಗೆ ನಾಗವಲ್ಲಿಯ ಗೆಜ್ಜೆ ಜೋರಾಗಿತ್ತು. ಆದರೆ ಭಾನುವಾರದ ಬಗ್ಗೆ ಆಮೇಲೆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ. ಭಾನುವಾರ ಯಾರೂ ಬರಲೂ ಇಲ್ಲ.

ಹತ್ತೂವರೆಗೆ ಕೊನೆಯ ಹನಿ ಹಾಕಿ, ಕಣ್ಣಿನ ಮೇಲೆ ಪ್ಲಾಸ್ಟಿಕ್ ಕವಚ ಇಟ್ಟು ಟೇಪು ಅಂಟಿಸಿದೆ. ರಾತ್ರಿ ನಿದ್ದೆಯಲ್ಲಿ ಕೈ ತಾಗಬಾರದಲ್ಲ. ಟಿಆರ್‌ಪಿ ಲೆಕ್ಕಕ್ಕೆಂದು ದೇಶದಲ್ಲಿ ಅರ್ಧ ಲಕ್ಷಕ್ಕೂ ಹೆಚ್ಚು ಮನೆಗಳ ಟಿವಿಗೆ ಮೀಟರ್ ಕೂರಿಸಿದ್ದಾರೆ. ನಮ್ಮ ಮನೆ ಅದರಲ್ಲಿ ಇಲ್ಲ. ಇದ್ದಿದ್ದರೂ ಅವತ್ತಿನ ಲೆಕ್ಕದಲ್ಲಿ ಅಜ್ಜಿಯನ್ನು ಯಾವ ಕಾಲಂಗೆ ಹಾಕುತ್ತಿದ್ದರೋ.

ಟಿವಿ ಆರಿಸಲು ಹೋದಾಗ ಅಜ್ಜಿ ಕೇಳಿದಳು, ‘ನಾಳೆ ಬೆಳಿಗ್ಗೆ ಯಾವ್ದು?’

ರಿಮೋಟಿನಲ್ಲಿ ನೋಡಿದೆ. ‘ಗಂಧದ ಗುಡಿ’ ಎಂದೆ.

‘ಅದು ನಂಗೆ ಪೂರಾ ಗೊತ್ತು. ಹೇಳೋದೇನೂ ಬ್ಯಾಡ, ಸೌಂಡ್ ಸಣ್ಣಕಿಟ್ಟು ನೀನು ಓದ್ಕೊ’ ಎಂದು ಗೋಡೆ ಕಡೆ ಮಗ್ಗುಲಾದಳು.